ಅಮೆರಿಕದ ವಸಾಹತುಗಳು ಬ್ರಿಟನ್ನಿನ ವಿರುದ್ಧ ಏಕೆ ತಿರುಗಿಬಿದ್ದವು? ಹಂತ ಹಂತವಾಗಿ ಅರಿಯುವ ದಾರಿ

ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಕೆಲವರು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರು, ಕೆಲವರು ಮಕ್ಕಳಿಗೆ ಪಾಠ ಹೇಳಿಕೊಡುವವರು, ಇನ್ನು ಕೆಲವರಿಗೆ ಬರೀ ಕುತೂಹಲ. ‘ಚಹಾಕ್ಕೆ ತೆರಿಗೆ ಹಾಕಿದರು, ಚಹಾವನ್ನು ಕಡಲಿಗೆ ಸುರಿದರು, ಸ್ವಾತಂತ್ರ್ಯ ಘೋಷಿಸಿದರು’ ಎಂಬಷ್ಟು ಎಲ್ಲರಿಗೂ ನೆನಪಿರುತ್ತದೆ. ಆದರೆ ಒಂದಿಷ್ಟು ತೆರಿಗೆಗಾಗಿ ಜನ ತಮ್ಮದೇ ರಾಜನ ಮೇಲೆ ಬಂದೂಕು ಎತ್ತುತ್ತಾರೆಯೇ ಎಂದು ಯಾರಾದರೂ ಕೇಳಿದರೆ ಉತ್ತರ ಹೊಳೆಯುವುದಿಲ್ಲ. ಆ ಉತ್ತರವನ್ನು ಕಟ್ಟಿಕೊಳ್ಳುವ ದಾರಿಯನ್ನು ಇಲ್ಲಿ ಹೇಳುತ್ತೇನೆ.

ಮೊದಲು ಬೇಕಾದ ಸಾಮಗ್ರಿ. ಉತ್ತರ ಅಮೆರಿಕದ ಪೂರ್ವ ಕರಾವಳಿಯ ಒಂದು ನಕ್ಷೆ. ಅದರಲ್ಲಿ ಬೋಸ್ಟನ್, ನ್ಯೂಯಾರ್ಕ್, ಫಿಲಡೆಲ್ಫಿಯ, ವರ್ಜೀನಿಯ ಮತ್ತು ಅಪಲೇಚಿಯನ್ ಬೆಟ್ಟಸಾಲು ಕಾಣುವಂತಿರಲಿ. 1763ರಿಂದ 1776ರವರೆಗೆ ವರ್ಷಕ್ಕೊಂದು ಗೆರೆ ಬಿಟ್ಟ ಒಂದು ಹಾಳೆ. ಜೊತೆಗೆ 1776ರ ಸ್ವಾತಂತ್ರ್ಯ ಘೋಷಣೆಯ ಪೂರ್ಣ ಪಾಠ. ಘೋಷಣೆಯನ್ನು ಈಗಲೇ ಓದಬೇಡಿ, ಕೊನೆಯ ಹಂತಕ್ಕೆ ಇಟ್ಟುಕೊಳ್ಳಿ.

ಹಂತ 1: ಜಗಳಕ್ಕೆ ಮುಂಚಿನ ಬದುಕನ್ನು ನೋಡಿ

ಹದಿಮೂರು ವಸಾಹತುಗಳು ಒಂದೇ ದಿನ ಹುಟ್ಟಿದವಲ್ಲ. 1607ರಲ್ಲಿ ವರ್ಜೀನಿಯದ ಜೇಮ್ಸ್‌ಟೌನ್‌ನಿಂದ ಆರಂಭವಾಗಿ 1730ರ ದಶಕದ ಜಾರ್ಜಿಯದವರೆಗೆ ಒಂದೊಂದಾಗಿ ನೆಲೆಗೊಂಡವು. ಪ್ರತಿಯೊಂದಕ್ಕೂ ತನ್ನದೇ ಶಾಸನಸಭೆ ಇತ್ತು. ಆಸ್ತಿಯುಳ್ಳ ಗಂಡಸರು ಆರಿಸಿದ ಆ ಸಭೆ ತೆರಿಗೆ ಹಾಕುತ್ತಿತ್ತು, ಖರ್ಚು ನಿರ್ಧರಿಸುತ್ತಿತ್ತು. ರಾಜನು ನೇಮಿಸಿದ ಗವರ್ನರನ ಸಂಬಳವೂ ಬಹುತೇಕ ಕಡೆ ಈ ಸಭೆಯ ಕೈಯಿಂದಲೇ ಹೋಗಬೇಕಿತ್ತು. ಈ ಕೊನೆಯ ಸಂಗತಿಗೆ ಅಡಿಗೆರೆ ಹಾಕಿಕೊಳ್ಳಿ, ಮುಂದೆ ಬೇಕಾಗುತ್ತದೆ.

ವ್ಯಾಪಾರವನ್ನು ಕಟ್ಟಿಹಾಕುವ ನೌಕಾಯಾನ ಕಾಯ್ದೆಗಳು 1651ರಿಂದಲೇ ಇದ್ದವು. ತಂಬಾಕಿನಂಥ ಸರಕು ಇಂಗ್ಲೆಂಡಿಗೇ ಹೋಗಬೇಕು, ಬ್ರಿಟನ್ನಿನ ಅಥವಾ ವಸಾಹತಿನ ಹಡಗಿನಲ್ಲೇ ಸಾಗಬೇಕು ಎಂಬ ನಿಯಮಗಳು ಅವು. ವಸಾಹತು ಇರುವುದೇ ಮಾತೃದೇಶದ ಬೊಕ್ಕಸ ತುಂಬಲು ಎಂಬ ಈ ಧೋರಣೆಗೆ ‘ವಾಣಿಜ್ಯವಾದ’ ಎಂದು ಹೆಸರು. ಆದರೆ ಸಾವಿರಾರು ಮೈಲಿ ಆಚೆಯಿಂದ ಕಟ್ಟುನಿಟ್ಟು ಮಾಡುವವರು ಯಾರು? ಕಳ್ಳಸಾಗಣೆ ನಡೆಯುತ್ತಿತ್ತು, ಲಂಡನ್ ಕಣ್ಣುಮುಚ್ಚಿಕೊಂಡಿತ್ತು. ಈ ಸಡಿಲಿಕೆಯಲ್ಲಿ ಮೂರು ನಾಲ್ಕು ತಲೆಮಾರುಗಳು ಬೆಳೆದವು. ತಮ್ಮ ಮನೆವಾರ್ತೆ ತಮ್ಮದೇ ಎಂಬ ಅಭ್ಯಾಸ ಅವರಿಗೆ ಹಕ್ಕಾಗಿ ಕಾಣತೊಡಗಿತ್ತು.

ಎಚ್ಚರಿಕೆ: ವಸಾಹತಿಗರು ಬಡತನದಲ್ಲಿ ನರಳುತ್ತಿದ್ದರು, ಅದಕ್ಕೇ ದಂಗೆ ಎದ್ದರು ಎಂದು ಬರೆಯಬೇಡಿ. ಅಲ್ಲಿನ ಬಿಳಿಯ ರೈತ, ವ್ಯಾಪಾರಿಗಳ ಬದುಕು ಇಂಗ್ಲೆಂಡಿನ ಸಾಮಾನ್ಯನ ಬದುಕಿಗಿಂತ ಕೀಳಾಗಿರಲಿಲ್ಲ, ತೆರಿಗೆಯ ಹೊರೆಯಂತೂ ಬಹಳ ಕಡಿಮೆ ಇತ್ತು. ನಮ್ಮ ದೇಶದ ವಸಾಹತು ಅನುಭವವನ್ನು ಅಲ್ಲಿಗೆ ಹೊತ್ತೊಯ್ದರೆ ಇಡೀ ಲೆಕ್ಕ ತಪ್ಪುತ್ತದೆ.

ಹಂತ 2: 1763ರಲ್ಲಿ ನಿಲ್ಲಿ

ಸಪ್ತವಾರ್ಷಿಕ ಯುದ್ಧ (1756–63) ಮುಗಿದದ್ದು ಈ ವರ್ಷ. ನಮ್ಮ ಕಡೆ 1760ರ ವಾಂಡಿವಾಶ್ ಕದನ ನಡೆದದ್ದೂ ಇದೇ ಯುದ್ಧದ ಭಾಗವಾಗಿ. ಅಮೆರಿಕದಲ್ಲಿ ಫ್ರೆಂಚರು ಸೋತು ಕೆನಡಾ ಬ್ರಿಟನ್ನಿನ ಪಾಲಾಯಿತು. ಇದರಿಂದ ಎರಡು ಪರಿಣಾಮಗಳಾದವು.

ಮೊದಲನೆಯದು, ಬ್ರಿಟನ್ನಿನ ಸಾಲ ಸುಮಾರು 7.5 ಕೋಟಿ ಪೌಂಡಿನಿಂದ ಸುಮಾರು 13 ಕೋಟಿಗೆ ಏರಿತು. ಗೆದ್ದ ನೆಲ ಕಾಯಲು ಅಮೆರಿಕದಲ್ಲಿ ಸುಮಾರು ಹತ್ತು ಸಾವಿರ ಸೈನಿಕರನ್ನು ಇಡಬೇಕೆಂದು ಲಂಡನ್ ನಿರ್ಧರಿಸಿತು. ಯುದ್ಧ ನಡೆದದ್ದು ನಿಮ್ಮ ರಕ್ಷಣೆಗೆ, ಖರ್ಚಿನಲ್ಲಿ ನೀವೂ ಪಾಲು ಕೊಡಿ ಎಂಬುದು ಅವರ ವಾದ. ಈ ವಾದ ಪೂರಾ ಅನ್ಯಾಯದ್ದಲ್ಲ. ಅದನ್ನು ಒಪ್ಪಿಕೊಂಡೇ ಮುಂದೆ ಹೋಗುವುದು ಒಳ್ಳೆಯದು.

ಎರಡನೆಯದು, ಪಕ್ಕದಲ್ಲಿ ಫ್ರೆಂಚ್ ಶತ್ರು ಇಲ್ಲವಾದ ಮೇಲೆ ವಸಾಹತಿಗರಿಗೆ ಬ್ರಿಟಿಷ್ ಸೈನ್ಯದ ಅಗತ್ಯವೇ ಕಾಣಲಿಲ್ಲ. ಸೈನ್ಯ ಇಲ್ಲಿರುವುದು ತಮ್ಮನ್ನು ಕಾಯಲಿಕ್ಕೋ, ತಮ್ಮ ಮೇಲೆ ಕಾವಲಿಡಲಿಕ್ಕೋ ಎಂಬ ಅನುಮಾನ ಹುಟ್ಟಿತು.

ಈಗ ನಕ್ಷೆಯಲ್ಲಿ ಅಪಲೇಚಿಯನ್ ಸಾಲಿನ ಮೇಲೆ ಒಂದು ಗೆರೆ ಎಳೆಯಿರಿ. ಅಕ್ಟೋಬರ್ 1763ರ ರಾಜಘೋಷಣೆಯ ಪ್ರಕಾರ ಆ ಗೆರೆಯ ಪಶ್ಚಿಮಕ್ಕೆ ವಸಾಹತಿಗರು ನೆಲೆಸುವಂತಿರಲಿಲ್ಲ. ಓಟಾವಾ ನಾಯಕ ಪಾಂಟಿಯಾಕ್‌ನ ಮುಂದಾಳುತನದಲ್ಲಿ ಮೂಲನಿವಾಸಿಗಳು ಎದ್ದುನಿಂತದ್ದರಿಂದ ಹೊಸ ಯುದ್ಧದ ಖರ್ಚು ತಪ್ಪಿಸಲು ಸರ್ಕಾರ ಈ ಗೆರೆ ಎಳೆದಿತ್ತು. ಪಶ್ಚಿಮದ ಭೂಮಿಯಲ್ಲಿ ಹಣ ಹೂಡಿದ್ದವರಿಗೆ ಇದು ಸಿಟ್ಟು ತಂದಿತು. ಅವರಲ್ಲಿ ಜಾರ್ಜ್ ವಾಷಿಂಗ್ಟನ್ ಕೂಡ ಒಬ್ಬರು. ಸ್ವಾತಂತ್ರ್ಯದ ಕಾರಣಗಳಲ್ಲಿ ಇನ್ನೊಬ್ಬರ ನೆಲದ ಮೇಲಿನ ಆಸೆಯೂ ಸೇರಿತ್ತು ಎಂಬುದನ್ನು ಪಟ್ಟಿಯಿಂದ ಬಿಡಬೇಡಿ.

ಹಂತ 3: ‘ಎಷ್ಟು ತೆರಿಗೆ’ ಎಂದು ಕೇಳಬೇಡಿ, ‘ಯಾರು ಹಾಕಿದರು’ ಎಂದು ಕೇಳಿ

ಇಲ್ಲಿ ನಿಧಾನವಾಗಿ ಹೋಗಿ. ಹೆಚ್ಚಿನವರು ಎಡವುವುದು ಇಲ್ಲೇ.

1764ರ ಸಕ್ಕರೆ ಕಾಯ್ದೆಯಿಂದ ಆರಂಭಿಸಿ. ರಮ್ ಮದ್ಯ ಬಟ್ಟಿ ಇಳಿಸಲು ಬೇಕಾದ ಕಾಕಂಬಿಯ ಮೇಲೆ 1733ರಿಂದಲೂ ಗ್ಯಾಲನ್‌ಗೆ 6 ಪೆನ್ಸ್ ಸುಂಕವಿತ್ತು, ಕಟ್ಟುವವರು ವಿರಳ. ಹೊಸ ಕಾಯ್ದೆ ಅದನ್ನು 3 ಪೆನ್ಸ್‌ಗೆ ಇಳಿಸಿತು. ಇಳಿಸಿದರೂ ಸಿಟ್ಟೇಕೆ? ಈ ಬಾರಿ ವಸೂಲಿ ನಿಜವಾಗಿ ನಡೆಯುವುದಿತ್ತು. ಸಿಕ್ಕಿಬಿದ್ದವರ ವಿಚಾರಣೆ ಜ್ಯೂರಿ ಇಲ್ಲದ ನೌಕಾ ನ್ಯಾಯಾಲಯಕ್ಕೆ ಹೋಗಬಹುದಿತ್ತು. ಜ್ಯೂರಿ ಎಂದರೆ ಊರಿನ ಸಾಮಾನ್ಯರಿಂದ ಆರಿಸಿದ ಪಂಚರ ಮಂಡಳಿ. ತನ್ನ ಸಮಾನರಿಂದ ತೀರ್ಪು ಪಡೆಯುವುದು ಇಂಗ್ಲಿಷ್ ಪ್ರಜೆಯ ಹಳೆಯ ಹಕ್ಕು. ಜೇಬಿಗಿಂತ ಆ ಹಕ್ಕಿಗೆ ಬಿದ್ದ ಪೆಟ್ಟು ದೊಡ್ಡದಾಯಿತು.

ಮರುವರ್ಷ ಸ್ಟಾಂಪ್ ಕಾಯ್ದೆ ಬಂತು. ನಮ್ಮಲ್ಲಿ ಕರಾರುಪತ್ರಕ್ಕೆ ಛಾಪಾ ಕಾಗದ ಬೇಕಲ್ಲ, ಅದೇ ಬಗೆಯದು. ನ್ಯಾಯಾಲಯದ ಕಾಗದ, ಪರವಾನಗಿ, ಪತ್ರಿಕೆ, ಪಂಚಾಂಗ, ಕೊನೆಗೆ ಇಸ್ಪೀಟು ಎಲೆಯೂ ಮುದ್ರೆ ಹೊತ್ತ ಕಾಗದದಲ್ಲೇ ಇರಬೇಕು. ಇಂಗ್ಲೆಂಡಿನಲ್ಲಿ ಇಂಥ ತೆರಿಗೆ ಆಗಲೇ ಇತ್ತು. ಆದರೆ ಅಮೆರಿಕದಲ್ಲಿ ಅದು ಮೊದಲು ತಟ್ಟಿದ್ದು ವಕೀಲರು, ಮುದ್ರಕರು, ವ್ಯಾಪಾರಿಗಳನ್ನು. ಮಾತನಾಡಬಲ್ಲವರು, ಬರೆಯಬಲ್ಲವರು, ಅಚ್ಚು ಹಾಕಬಲ್ಲವರು ಇವರೇ. ಸರ್ಕಾರ ಇವರೆಲ್ಲರನ್ನೂ ಒಂದೇ ಏಟಿಗೆ ಎದುರುಹಾಕಿಕೊಂಡಿತು.

‘ಪ್ರಾತಿನಿಧ್ಯವಿಲ್ಲದೆ ತೆರಿಗೆ ಇಲ್ಲ’ ಎಂಬ ಮಾತಿನ ತಿರುಳು ಇಷ್ಟು: ನನ್ನ ಹಣ ನನ್ನ ಆಸ್ತಿ; ನಾನಾಗಲಿ ನಾನು ಆರಿಸಿದವನಾಗಲಿ ಒಪ್ಪದೆ ಅದನ್ನು ತೆಗೆದುಕೊಂಡರೆ ಅದು ತೆರಿಗೆಯಲ್ಲ, ಕಸಿಯುವಿಕೆ. ಪಾರ್ಲಿಮೆಂಟಿನಲ್ಲಿ ವಸಾಹತುಗಳಿಂದ ಒಬ್ಬ ಸದಸ್ಯನೂ ಇರಲಿಲ್ಲ. ಇದಕ್ಕೆ ಲಂಡನ್ ಕೊಟ್ಟ ಉತ್ತರ ‘ಪರೋಕ್ಷ ಪ್ರಾತಿನಿಧ್ಯ’. ಮ್ಯಾಂಚೆಸ್ಟರ್‌ನಂಥ ಇಂಗ್ಲೆಂಡಿನ ಪಟ್ಟಣಗಳೂ ಸದಸ್ಯರನ್ನು ಆರಿಸುವುದಿಲ್ಲ, ಆದರೂ ಪಾರ್ಲಿಮೆಂಟು ಎಲ್ಲ ಪ್ರಜೆಗಳ ಹಿತ ಕಾಯುತ್ತದೆ, ನಿಮ್ಮದನ್ನೂ ಕಾಯುತ್ತದೆ ಎಂದು. ತಮ್ಮ ಊರಿನವನನ್ನೇ ಆರಿಸಿ ಸಭೆಗೆ ಕಳುಹಿಸಿ ರೂಢಿಯಾಗಿದ್ದ ವಸಾಹತಿಗರಿಗೆ ಈ ವಾದ ಒಂದಿಷ್ಟೂ ರುಚಿಸಲಿಲ್ಲ.

1765ರ ಆಗಸ್ಟ್‌ನಲ್ಲಿ ಬೋಸ್ಟನ್ನಿನ ಜನ ಮುದ್ರೆ ಕಾಗದ ಹಂಚಬೇಕಿದ್ದ ಆಂಡ್ರ್ಯೂ ಆಲಿವರ್‌ನ ಪ್ರತಿಕೃತಿಯನ್ನು ಮರಕ್ಕೆ ನೇತುಹಾಕಿದರು. ಅಕ್ಟೋಬರ್‌ನಲ್ಲಿ ಒಂಬತ್ತು ವಸಾಹತುಗಳ ಪ್ರತಿನಿಧಿಗಳು ನ್ಯೂಯಾರ್ಕಿನಲ್ಲಿ ಸೇರಿದರು. ನವೆಂಬರ್ 1ರಂದು ಕಾಯ್ದೆ ಜಾರಿಗೆ ಬರುವ ಹೊತ್ತಿಗೆ ಹಂಚುವವರಲ್ಲಿ ಬಹುತೇಕ ಎಲ್ಲರೂ ರಾಜೀನಾಮೆ ಕೊಟ್ಟಿದ್ದರು. ಬ್ರಿಟಿಷ್ ಸರಕಿನ ಬಹಿಷ್ಕಾರದಿಂದ ಲಂಡನ್ನಿನ ವರ್ತಕರೇ ಗೋಳಿಟ್ಟರು. 1766ರ ಮಾರ್ಚ್‌ನಲ್ಲಿ ಕಾಯ್ದೆ ರದ್ದಾಯಿತು.

ಹಂತ 4: ರದ್ದಾದ ದಿನವೇ ಬಂದ ಇನ್ನೊಂದು ಕಾಯ್ದೆಯನ್ನು ಬರೆದುಕೊಳ್ಳಿ

ಅದರ ಹೆಸರು ಘೋಷಣಾ ಕಾಯ್ದೆ. ವಸಾಹತುಗಳ ಮೇಲೆ ಯಾವ ವಿಷಯದಲ್ಲಾದರೂ ಕಾನೂನು ಮಾಡುವ ಅಧಿಕಾರ ಪಾರ್ಲಿಮೆಂಟಿಗಿದೆ ಎಂದು ಅದು ಸಾರಿತು. ಗೆದ್ದ ಸಂಭ್ರಮದಲ್ಲಿ ಬಹಳ ಮಂದಿ ಇದನ್ನು ಗಮನಿಸಲಿಲ್ಲ. ನೀವು ಗಮನಿಸಿ. ಮುಂದಿನ ಹತ್ತು ವರ್ಷದ ಜಗಳವೆಲ್ಲ ಈ ಒಂದು ವಾಕ್ಯದ ಸುತ್ತಲಿನದು.

1767ರಲ್ಲಿ ಹಣಕಾಸು ಸಚಿವ ಚಾರ್ಲ್ಸ್ ಟೌನ್‌ಶೆಂಡ್ ಗಾಜು, ಸೀಸ, ಬಣ್ಣ, ಕಾಗದ, ಚಹಾ ಇವುಗಳ ಆಮದಿನ ಮೇಲೆ ಸುಂಕ ಹಾಕಿದರು. ಹಂತ 1ರಲ್ಲಿ ಅಡಿಗೆರೆ ಹಾಕಿದ ಸಾಲಿಗೆ ಈಗ ಮರಳಿ. ಈ ಸುಂಕದಿಂದ ಬಂದ ಹಣದಲ್ಲಿ ಗವರ್ನರರಿಗೂ ನ್ಯಾಯಾಧೀಶರಿಗೂ ನೇರವಾಗಿ ಸಂಬಳ ಕೊಡುವ ಉದ್ದೇಶವಿತ್ತು. ಅಧಿಕಾರಿಯ ಸಂಬಳ ಸಭೆಯ ಕೈತಪ್ಪಿದರೆ ಅವನು ಸಭೆಯ ಮಾತು ಏಕೆ ಕೇಳುತ್ತಾನೆ? ಸ್ಥಳೀಯ ಸ್ವಯಮಾಡಳಿತದ ಬೇರಿಗೇ ಕೊಡಲಿ ಬಿದ್ದಂತಾಗಿತ್ತು. ಪರೀಕ್ಷೆಯ ಉತ್ತರಗಳಲ್ಲಿ ಈ ಅಂಶ ಕಾಣುವುದೇ ಅಪರೂಪ, ಅದೇ ನನಗೆ ಬೇಸರದ ಸಂಗತಿ.

ಬಹಿಷ್ಕಾರ ಮತ್ತೆ ಶುರುವಾಯಿತು. ಈ ಸಲ ಹೆಂಗಸರ ಪಾಲು ದೊಡ್ಡದು. ಇಂಗ್ಲಿಷ್ ಬಟ್ಟೆ ಬಿಟ್ಟು ಗುಂಪುಗೂಡಿ ನೂಲು ತೆಗೆದು ಮನೆಯಲ್ಲೇ ನೆಯ್ದ ಬಟ್ಟೆ ತೊಟ್ಟರು. ಖಾದಿಯ ಕಥೆ ಕೇಳಿ ಬೆಳೆದ ನಮಗೆ ಇದನ್ನು ವಿವರಿಸುವ ಅಗತ್ಯವಿಲ್ಲ.

1768ರ ಅಕ್ಟೋಬರ್‌ನಲ್ಲಿ ಬೋಸ್ಟನ್ನಿಗೆ ಸೈನ್ಯ ಬಂದಿಳಿಯಿತು. 1770ರ ಮಾರ್ಚ್ 5ರಂದು ಸೈನಿಕರಿಗೂ ಜನಜಂಗುಳಿಗೂ ಘರ್ಷಣೆಯಾಗಿ ಗುಂಡು ಹಾರಿತು; ಐವರು ಸತ್ತರು. ಅವರಲ್ಲಿ ಒಬ್ಬರು ಆಫ್ರಿಕನ್ ಮತ್ತು ಮೂಲನಿವಾಸಿ ಮೂಲದ ಕ್ರಿಸ್ಪಸ್ ಆಟಕ್ಸ್. ಆ ಸೈನಿಕರ ಪರ ವಾದಿಸಿದವರು ವಸಾಹತುಗಳ ಹಕ್ಕಿನ ಪರವಾಗಿದ್ದ ವಕೀಲ ಜಾನ್ ಆಡಮ್ಸ್, ಮುಂದೆ ಅಮೆರಿಕದ ಎರಡನೆಯ ಅಧ್ಯಕ್ಷರಾದವರು. ಇಬ್ಬರನ್ನು ಬಿಟ್ಟು ಉಳಿದ ಸೈನಿಕರು ಖುಲಾಸೆಯಾದರು. ಇದನ್ನು ‘ಹತ್ಯಾಕಾಂಡ’ ಎಂದು ಕರೆಯುವಾಗ ಈ ವಿಚಾರಣೆಯನ್ನೂ ಜೊತೆಗಿಡಿ.

ಹಂತ 5: ಚಹಾದ ಪ್ರಕರಣವನ್ನು ಬಿಡಿಸಿ ನೋಡಿ

1770ರಲ್ಲಿ ಟೌನ್‌ಶೆಂಡ್ ಸುಂಕಗಳು ರದ್ದಾದವು, ಚಹಾದ ಮೇಲಿನದನ್ನು ಬಿಟ್ಟು. ಒಂದು ಪೌಂಡ್ ತೂಕಕ್ಕೆ 3 ಪೆನ್ಸ್. ತನ್ನ ಅಧಿಕಾರದ ಗುರುತಿಗೆಂದು ಪಾರ್ಲಿಮೆಂಟು ಅದನ್ನು ಉಳಿಸಿಕೊಂಡಿತು.

ಈಗ ಈಸ್ಟ್ ಇಂಡಿಯಾ ಕಂಪನಿ ಕಥೆಯೊಳಗೆ ಬರುತ್ತದೆ. ಬಂಗಾಳದ ದಿವಾನಿ, ಅಂದರೆ ಕಂದಾಯ ವಸೂಲಿಯ ಹಕ್ಕು ಕೈಸೇರಿದ ಮೇಲೂ ಕಂಪನಿ 1772ರ ಹೊತ್ತಿಗೆ ದಿವಾಳಿಯ ಅಂಚಿನಲ್ಲಿತ್ತು. ಯುದ್ಧದ ಖರ್ಚು, ನೌಕರರ ಲೂಟಿ, 1770ರ ಬಂಗಾಳದ ಭೀಕರ ಕ್ಷಾಮ, ಇವೆಲ್ಲದರ ಜೊತೆಗೆ ಗೋದಾಮುಗಳಲ್ಲಿ ಕೋಟಿಗೂ ಮಿಕ್ಕಿದ ಪೌಂಡ್ ತೂಕದ ಚಹಾ ಮಾರಾಟವಾಗದೆ ಬಿದ್ದಿತ್ತು. ಕಂಪನಿಯನ್ನು ಉಳಿಸಲು 1773ರ ಮೇ ತಿಂಗಳಲ್ಲಿ ಚಹಾ ಕಾಯ್ದೆ ಬಂತು. ಕಂಪನಿ ಲಂಡನ್ನಿನ ಮಧ್ಯವರ್ತಿಗಳನ್ನು ಬಿಟ್ಟು ನೇರವಾಗಿ ತನ್ನ ಆಯ್ದ ಏಜೆಂಟರ ಮೂಲಕ ಅಮೆರಿಕದಲ್ಲಿ ಮಾರಬಹುದಾಯಿತು. ಕಾನೂನುಬದ್ಧ ಚಹಾದ ಬೆಲೆ ಇಳಿಯುವಂತಾಯಿತು.

ಎಚ್ಚರಿಕೆ, ಇಲ್ಲಿ ಎರಡು ತಪ್ಪುಗಳು ಸರ್ವೇಸಾಮಾನ್ಯ. ‘ಚಹಾದ ಬೆಲೆ ಏರಿದ್ದಕ್ಕೆ ಜನ ರೊಚ್ಚಿಗೆದ್ದರು’ ಎಂಬುದು ಒಂದು. ಚಹಾ ಅಗ್ಗವಾಗುವುದಿತ್ತು. ಅಗ್ಗದ ಆಸೆಗೆ ಕೊಂಡರೆ 3 ಪೆನ್ಸ್ ಸುಂಕವನ್ನು, ಅದರ ಹಿಂದಿನ ಅಧಿಕಾರವನ್ನು ಒಪ್ಪಿಕೊಂಡಂತೆ ಆಗುತ್ತದೆ ಎಂಬುದು ಅವರ ಭಯ. ಡಚ್ ಚಹಾ ಕದ್ದು ತರುತ್ತಿದ್ದವರಿಗೂ ಏಜೆನ್ಸಿ ಸಿಗದ ವರ್ತಕರಿಗೂ ನಷ್ಟದ ಭಯ ಬೇರೆ. ಬೋಸ್ಟನ್ನಿನಲ್ಲಿ ಏಜೆನ್ಸಿ ಸಿಕ್ಕವರಲ್ಲಿ ಗವರ್ನರ್ ಥಾಮಸ್ ಹಚಿನ್‌ಸನ್ನರ ಮಕ್ಕಳೇ ಇದ್ದರು. ಎರಡನೆಯ ತಪ್ಪು, ಅದು ಭಾರತದ ಚಹಾ ಎಂದುಕೊಳ್ಳುವುದು. ಕಡಲಿಗೆ ಬಿದ್ದದ್ದು ಚೀನಾದ ಚಹಾ. ಅಸ್ಸಾಮಿನ ತೋಟಗಳು ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ.

ಬಂಗಾಳದ ಗೋಳು ಅಮೆರಿಕಕ್ಕೆ ಮುಟ್ಟಿತ್ತು ಎಂಬುದನ್ನು ಇಲ್ಲಿ ಸೇರಿಸಬಹುದು. ಪೆನ್ಸಿಲ್ವೇನಿಯದ ಜಾನ್ ಡಿಕಿನ್ಸನ್ 1773ರಲ್ಲಿ ಬರೆದ ಲೇಖನವೊಂದರಲ್ಲಿ ಏಷ್ಯಾದಲ್ಲಿ ಕಂಪನಿ ನಡೆಸಿದ ಸುಲಿಗೆಯನ್ನೂ ಕ್ಷಾಮದ ಸಾವುಗಳನ್ನೂ ಎತ್ತಿ ಹೇಳಿ, ಅದು ಈಗ ನಮ್ಮ ಕಡೆಗೆ ಕಣ್ಣು ಹಾಕಿದೆ ಎಂದು ಎಚ್ಚರಿಸಿದ್ದರು.

ಫಿಲಡೆಲ್ಫಿಯದಿಂದ ಚಹಾ ಹಡಗು ಹಿಂದಿರುಗಿತು. ಬೋಸ್ಟನ್ನಿನಲ್ಲಿ ಹಚಿನ್‌ಸನ್ ಬಿಡಲಿಲ್ಲ. ಇಪ್ಪತ್ತು ದಿನದೊಳಗೆ ಸುಂಕ ಕಟ್ಟದಿದ್ದರೆ ಸರಕು ಜಪ್ತಿಯಾಗುವ ನಿಯಮವಿತ್ತು. ಗಡುವಿನ ಹಿಂದಿನ ರಾತ್ರಿ, 1773ರ ಡಿಸೆಂಬರ್ 16ರಂದು, ಮೂರು ಹಡಗುಗಳಿಂದ 342 ಪೆಟ್ಟಿಗೆ ಚಹಾ ಕಡಲಿಗೆ ಬಿತ್ತು.

ಹಂತ 6: 1774ಕ್ಕೆ ಕೆಂಪು ಗುರುತು ಹಾಕಿ

ಚಹಾ ಸುರಿದ ರಾತ್ರಿ ಸ್ವಾತಂತ್ರ್ಯ ಹುಟ್ಟಲಿಲ್ಲ. ಆ ಕೃತ್ಯ ಅತಿಯಾಯಿತು ಎಂದವರು ವಸಾಹತುಗಳಲ್ಲೇ ಇದ್ದರು, ಬೆಂಜಮಿನ್ ಫ್ರಾಂಕ್ಲಿನ್ ಅವರಲ್ಲೊಬ್ಬರು. ಎಲ್ಲರನ್ನೂ ಒಂದುಗೂಡಿಸಿದ್ದು ಸರ್ಕಾರ ಕೊಟ್ಟ ಶಿಕ್ಷೆ.

ಬೋಸ್ಟನ್ ಬಂದರನ್ನು ಮುಚ್ಚಿದರು. ಬೋಸ್ಟನ್ ಇರುವ ಮ್ಯಾಸಚೂಸೆಟ್ಸ್ ವಸಾಹತಿನ ಸನ್ನದನ್ನೇ, ಅಂದರೆ ರಾಜನು ಬರೆದುಕೊಟ್ಟ ಹಕ್ಕುಪತ್ರವನ್ನೇ ತಿದ್ದಿ, ಮೇಲ್ಮಂಡಳಿಯನ್ನು ರಾಜನೇ ನೇಮಿಸುವಂತೆ ಮಾಡಿದರು. ಊರಸಭೆ ಸೇರಲು ಗವರ್ನರನ ಅನುಮತಿ ಬೇಕಾಯಿತು. ಅಧಿಕಾರಿಗಳ ಮೇಲಿನ ಮೊಕದ್ದಮೆಯನ್ನು ಬೇರೆಡೆಗೆ ಸಾಗಿಸಬಹುದಾಯಿತು. ಸೈನಿಕರ ವಸತಿಯ ನಿಯಮ ಬಿಗಿಯಾಯಿತು. ಇತಿಹಾಸದಲ್ಲಿ ಇವು ‘ದಮನ ಕಾಯ್ದೆಗಳು’ ಎಂದೂ ‘ಅಸಹನೀಯ ಕಾಯ್ದೆಗಳು’ ಎಂದೂ ಹೆಸರಾಗಿವೆ. ಒಂದು ವಸಾಹತಿನ ಸನ್ನದನ್ನು ಪಾರ್ಲಿಮೆಂಟು ಹರಿದುಹಾಕಬಹುದಾದರೆ ನಾಳೆ ನಮ್ಮದನ್ನೂ ಹರಿಯಬಹುದು ಎಂಬ ಲೆಕ್ಕ ವರ್ಜೀನಿಯದ ತಂಬಾಕು ಜಮೀನ್ದಾರನಿಗೂ ಅರ್ಥವಾಯಿತು. ದಕ್ಷಿಣ ಕೆರೊಲಿನದಿಂದ ಅಕ್ಕಿ, ಕನೆಕ್ಟಿಕಟ್‌ನಿಂದ ಕುರಿಗಳು ಬೋಸ್ಟನ್ನಿಗೆ ಬಂದವು. ಸೆಪ್ಟೆಂಬರ್‌ನಲ್ಲಿ ಜಾರ್ಜಿಯ ಬಿಟ್ಟು ಹನ್ನೆರಡು ವಸಾಹತುಗಳು ಫಿಲಡೆಲ್ಫಿಯದಲ್ಲಿ ಮೊದಲ ಭೂಖಂಡ ಕಾಂಗ್ರೆಸ್‌ನಲ್ಲಿ ಸೇರಿದವು.

ಬಹಿಷ್ಕಾರ ಜಾರಿಮಾಡಲು ಊರೂರಿಗೆ ಸಮಿತಿಗಳಾದವು. ಯಾರು ಏನು ಕೊಂಡರು ಎಂದು ಅವು ನೋಡುತ್ತಿದ್ದವು, ಮೀರಿದವರ ಹೆಸರು ಪ್ರಕಟಿಸುತ್ತಿದ್ದವು. ರಾಜನ ಆಡಳಿತದ ಪಕ್ಕದಲ್ಲೇ ಇನ್ನೊಂದು ಆಡಳಿತ ಎದ್ದುನಿಂತಿತು.

ಹಂತ 7: ಸಿಟ್ಟಿಗೂ ಸ್ವಾತಂತ್ರ್ಯಕ್ಕೂ ನಡುವಿನ ದೂರ ಅಳೆಯಿರಿ

1775ರ ಏಪ್ರಿಲ್ 19ರಂದು ಬೋಸ್ಟನ್ನಿಗೆ ಹತ್ತಿರದ ಲೆಕ್ಸಿಂಗ್ಟನ್ ಮತ್ತು ಕಾಂಕರ್ಡ್‌ನಲ್ಲಿ ಯುದ್ಧ ಶುರುವಾಯಿತು. ಘೋಷಣೆ ಬಂದದ್ದು 1776ರ ಜುಲೈನಲ್ಲಿ. ನಡುವಿನ ಹದಿನಾಲ್ಕು ತಿಂಗಳಿಗೂ ಹೆಚ್ಚು ಕಾಲ ಅವರು ರಾಜನ ಪ್ರಜೆಗಳಾಗಿಯೇ ರಾಜನ ಸೈನ್ಯದೊಂದಿಗೆ ಹೋರಾಡಿದರು! ಅವರ ಪ್ರಕಾರ ಕೆಟ್ಟವರು ಪಾರ್ಲಿಮೆಂಟು ಮತ್ತು ಮಂತ್ರಿಗಳು. ರಾಜ ಮೂರನೆಯ ಜಾರ್ಜ್ ತಮ್ಮನ್ನು ಕಾಪಾಡುತ್ತಾನೆಂಬ ನಂಬಿಕೆ ಇನ್ನೂ ಇತ್ತು. 1775ರ ಜುಲೈನಲ್ಲಿ ಅವನಿಗೆ ಸಂಧಾನದ ಮನವಿ ಕಳುಹಿಸಿದರು. ಅವನು ಅದನ್ನು ಸ್ವೀಕರಿಸಲೂ ಒಪ್ಪಲಿಲ್ಲ. ಆಗಸ್ಟ್‌ನಲ್ಲಿ ವಸಾಹತುಗಳು ಬಂಡೆದ್ದಿವೆ ಎಂದು ಸಾರಿದ. ವರ್ಷದ ಕೊನೆಗೆ ಅವುಗಳ ವ್ಯಾಪಾರವನ್ನೇ ನಿಷೇಧಿಸಲಾಯಿತು. ಜರ್ಮನ್ ಸಂಸ್ಥಾನಗಳಿಂದ ಬಾಡಿಗೆ ಸೈನಿಕರು ಬರುವ ಸುದ್ದಿ ಹಿಂದೆಯೇ ಬಂತು.

1775ರ ನವೆಂಬರ್‌ನಲ್ಲಿ ವರ್ಜೀನಿಯದ ಗವರ್ನರ್ ಲಾರ್ಡ್ ಡನ್ಮೋರ್, ಬಂಡುಕೋರರ ಗುಲಾಮರು ಬಂದು ರಾಜನ ಸೈನ್ಯ ಸೇರಿದರೆ ಬಿಡುಗಡೆ ಎಂದು ಘೋಷಿಸಿದರು. ದಕ್ಷಿಣದ ಗುಲಾಮರ ಒಡೆಯರಲ್ಲಿ ಬಹಳ ಮಂದಿ ರಾಜನಿಂದ ದೂರವಾದದ್ದು ಇದರಿಂದ.

1776ರ ಜನವರಿಯಲ್ಲಿ ಥಾಮಸ್ ಪೇನ್ ಅವರ ‘ಕಾಮನ್ ಸೆನ್ಸ್’ ಕರಪತ್ರ ಬಂತು. ಅಮೆರಿಕಕ್ಕೆ ಬಂದು ಒಂದು ವರ್ಷ ಚಿಲ್ಲರೆ ಆಗಿದ್ದ ಈ ಇಂಗ್ಲಿಷ್ ಮನುಷ್ಯ, ರಾಜ ಒಳ್ಳೆಯವನೋ ಕೆಟ್ಟವನೋ ಎಂಬ ಪ್ರಶ್ನೆಯನ್ನೇ ಬದಿಗೆ ಸರಿಸಿ, ವಂಶಪಾರಂಪರ್ಯದ ಅರಸೊತ್ತಿಗೆಯೇ ತಪ್ಪು ಎಂದು ಎಲ್ಲರಿಗೂ ತಿಳಿಯುವ ಮಾತಿನಲ್ಲಿ ಬರೆದರು. ಜೂನ್ 7ರಂದು ವರ್ಜೀನಿಯದ ರಿಚರ್ಡ್ ಹೆನ್ರಿ ಲೀ ಸ್ವಾತಂತ್ರ್ಯದ ನಿರ್ಣಯ ಮಂಡಿಸಿದರು. ಅದು ಅಂಗೀಕಾರವಾದದ್ದು ಜುಲೈ 2ರಂದು. ಘೋಷಣೆಯ ಪಾಠ ಒಪ್ಪಿಗೆಯಾದದ್ದು ಜುಲೈ 4ರಂದು. ಎರಡೂ ದಿನಾಂಕ ಬರೆದುಕೊಳ್ಳಿ.

ಮೈಸೂರಿನ ನಂಟನ್ನು ಹಲವರು ಕೇಳುತ್ತಾರೆ. ಅದು ಕಾರಣಗಳ ಪಟ್ಟಿಗೆ ಸೇರದು, ನಂತರದ ಕಥೆ. 1782ರಲ್ಲಿ ಬ್ರಿಟಿಷ್ ಹಡಗೊಂದನ್ನು ಸೋಲಿಸಿದ ಪೆನ್ಸಿಲ್ವೇನಿಯದ ಯುದ್ಧನೌಕೆಯ ಹೆಸರು ‘ಹೈದರ್ ಅಲಿ’. 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಸೋತು ಶರಣಾದ ಕಾರ್ನ್‌ವಾಲಿಸನೇ ಮುಂದೆ ಗವರ್ನರ್ ಜನರಲ್ ಆಗಿ ಬಂದು, 1792ರಲ್ಲಿ ಟಿಪ್ಪುವಿನ ಅರ್ಧ ರಾಜ್ಯವನ್ನು ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಕಿತ್ತುಕೊಂಡದ್ದು.

ಹಂತ 8: ‘ವಸಾಹತಿಗರು’ ಎಂಬ ಪದವನ್ನು ಒಡೆದು ನೋಡಿ

ಎಲ್ಲರೂ ಸ್ವಾತಂತ್ರ್ಯ ಬಯಸಲಿಲ್ಲ. ರಾಜನಿಷ್ಠರು ಎಲ್ಲ ವರ್ಗಗಳಲ್ಲೂ ಇದ್ದರು. ಯುದ್ಧದ ಕೊನೆಗೆ ಸುಮಾರು 60,000 ಮಂದಿ ದೇಶ ಬಿಟ್ಟರು. ಫ್ರಾಂಕ್ಲಿನ್ನರ ಮಗ ವಿಲಿಯಂ, ನ್ಯೂಜೆರ್ಸಿಯ ಗವರ್ನರ್, ರಾಜನ ಪಕ್ಷದಲ್ಲೇ ಉಳಿದರು. ಅಪ್ಪ-ಮಗನ ಮನಸ್ಸು ಮತ್ತೆ ಕೂಡಲಿಲ್ಲ.

ಸುಮಾರು 25 ಲಕ್ಷ ಜನಸಂಖ್ಯೆಯಲ್ಲಿ ಐದರಲ್ಲೊಂದು ಪಾಲು ಗುಲಾಮರು. ಎಲ್ಲ ಮನುಷ್ಯರೂ ಸಮಾನರಾಗಿ ಸೃಷ್ಟಿಯಾಗಿದ್ದಾರೆ ಎಂದು ಸ್ವಾತಂತ್ರ್ಯ ಘೋಷಣೆಯಲ್ಲಿ ಬರೆದ ಥಾಮಸ್ ಜೆಫರ್ಸನ್ ಸ್ವತಃ ನೂರಾರು ಗುಲಾಮರ ಒಡೆಯ. ಗುಲಾಮ ವ್ಯಾಪಾರವನ್ನು ಖಂಡಿಸುವ ಒಂದು ಭಾಗ ಅವರ ಕರಡಿನಲ್ಲಿತ್ತು, ಕಾಂಗ್ರೆಸ್ ಅದನ್ನು ಹೊಡೆದುಹಾಕಿತು. ಮೂಲನಿವಾಸಿಗಳಲ್ಲಿ ಹಲವು ಬುಡಕಟ್ಟುಗಳು ಬ್ರಿಟನ್ನಿನ ಪಕ್ಷ ಹಿಡಿದವು. ಅವರ ನೆಲಕ್ಕೆ ತಡೆಗೋಡೆಯಾಗಿದ್ದದ್ದು 1763ರ ಆ ಗೆರೆ. ಆದ್ದರಿಂದ ಭಾರತದ ಸ್ವಾತಂತ್ರ್ಯ ಹೋರಾಟದೊಂದಿಗೆ ಹೋಲಿಸುವಾಗ ಹುಷಾರಾಗಿರಿ. ಇಲ್ಲಿ ಎದ್ದುನಿಂತವರು ನೆಲದ ಮೂಲ ಜನ. ಅಲ್ಲಿ ಎದ್ದುನಿಂತವರು ಬಂದು ನೆಲೆಸಿದವರು.

ಹಂತ 9: ಈಗ ಘೋಷಣೆಯನ್ನು ಓದಿ

ಪೀಠಿಕೆ ದಾಟಿ ದೂರುಗಳ ಪಟ್ಟಿಗೆ ಬನ್ನಿ. ಸಾಮಾನ್ಯ ಎಣಿಕೆಯಂತೆ ಅವು 27. ಪ್ರತಿಯೊಂದರ ಮುಂದೆ ಅದು ನಿಮ್ಮ ಹಾಳೆಯ ಯಾವ ವರ್ಷಕ್ಕೆ, ಯಾವ ಕಾಯ್ದೆಗೆ ಸಂಬಂಧಿಸಿದ್ದು ಎಂದು ಬರೆಯಿರಿ. ಬಂದರು ಮುಚ್ಚಿದ್ದು, ಜ್ಯೂರಿ ತಪ್ಪಿಸಿದ್ದು, ಸನ್ನದು ಕಸಿದದ್ದು, ಬಾಡಿಗೆ ಸೈನಿಕರು ಎಲ್ಲವೂ ಸಿಗುತ್ತವೆ. ನ್ಯಾಯಾಧೀಶರ ಸಂಬಳದ ದೂರೂ ಅಲ್ಲಿದೆ. ಕೊನೆಯ ದೂರನ್ನು ತಪ್ಪದೆ ಓದಿ. ಮೂಲನಿವಾಸಿಗಳನ್ನು ಅದರಲ್ಲಿ ಕ್ರೂರ ಅನಾಗರಿಕರೆಂದು ಕರೆಯಲಾಗಿದೆ. ಡನ್ಮೋರರ ಘೋಷಣೆಯ ನೆರಳೂ ಅದೇ ಸಾಲಿನಲ್ಲಿದೆ.

ಎರಡು ಸಂಗತಿ ನೀವೇ ಹುಡುಕಿ. ‘ಪಾರ್ಲಿಮೆಂಟ್’ ಎಂಬ ಪದ ಘೋಷಣೆಯಲ್ಲಿ ಎಲ್ಲಿದೆ? ಎಲ್ಲಿಯೂ ಇಲ್ಲ. ಪಾರ್ಲಿಮೆಂಟಿನ ಅಧಿಕಾರವನ್ನು ಅವರು ಆಗಲೇ ತಳ್ಳಿಹಾಕಿದ್ದರು, ಕಡಿದುಕೊಳ್ಳಬೇಕಾದ ಉಳಿದ ಒಂದೇ ಎಳೆ ರಾಜನದ್ದು. ಆಮೇಲೆ, ಒಪ್ಪಿಗೆಯಿಲ್ಲದೆ ಹಾಕಿದ ತೆರಿಗೆಯ ದೂರು ಎಷ್ಟನೆಯದು ಎಂದು ಎಣಿಸಿ. ಅದು ಹದಿನೇಳನೆಯದು. ಮೊದಲಿನ ಸಾಲುಗಳೆಲ್ಲ ಶಾಸನಸಭೆಗಳನ್ನು ವಿಸರ್ಜಿಸಿದ್ದು, ಅವು ಮಾಡಿದ ಕಾನೂನಿಗೆ ಒಪ್ಪಿಗೆ ಕೊಡದೆ ಸತಾಯಿಸಿದ್ದು ಇಂಥವೇ. ಅವನ್ನು ಹಾಳೆಯಲ್ಲಿ ಹೊಂದಿಸಲು ಕಷ್ಟವಾದರೆ ಹಂತ 1 ಮತ್ತು 4ಕ್ಕೆ ಹಿಂತಿರುಗಿ ಇನ್ನೊಮ್ಮೆ ಓದಿ.